ಕೋಟೆಯೊಳಗಿನ ಕಚೇರಿ: ಬೆಂಗಳೂರಿನ ಟಿಪ್ಪು ಅರಮನೆ

ರಜೆಗೆಂದು ರಾಜಾಜಿನಗರದ ಅಜ್ಜಿ ಮನೆಗೋ ವಿಜಯನಗರದ ಸೋದರಮಾವನ ಮನೆಗೋ ಹೋಗುವ ಬ್ರಿಟನ್ನಿನ ನಮ್ಮ ಕನ್ನಡ ಕೂಟದ ಮಕ್ಕಳನ್ನು ದೊಡ್ಡವರು ಮೈಸೂರು ಅರಮನೆಗೆ ಕರೆದೊಯ್ಯುವುದು ವಾಡಿಕೆ. ಅದಕ್ಕೆ ಇಡೀ ದಿನ ಬೇಕು. ಬೆಳಗಿನ ತಿಂಡಿ ಮುಗಿಸಿ ಹೊರಟು ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದಾದ ಇನ್ನೊಂದು ಅರಮನೆ ಬೆಂಗಳೂರಿನಲ್ಲೇ ಇದೆ. ಅದೇ ಟಿಪ್ಪು ಸುಲ್ತಾನನ ಬೇಸಿಗೆ ಅರಮನೆ. ಅರಸನಿಗಾಗಿ ಕಟ್ಟಿದ ಈ ಕಟ್ಟಡ ಮುಂದೆ ಮೈಸೂರು ಸಂಸ್ಥಾನದ ಸರ್ಕಾರಿ ಕಚೇರಿಯಾಯಿತು. ಈಗ ಅದು ವಸ್ತುಸಂಗ್ರಹಾಲಯ. ಇಂದು ವಿಧಾನಸೌಧದಲ್ಲಿ ನಡೆಯುವ ರಾಜ್ಯದ ಕಾರುಬಾರು ಹಿಂದೆ ಎಲ್ಲಿ ನಡೆಯುತ್ತಿತ್ತು ಎಂದು ಮಗುವೊಂದು ಕೇಳಿದರೆ, ಬೆರಳು ತೋರಿಸಬೇಕಾದ್ದು ಈ ಕಡೆಗೆ.

ಹೋಗುವ ದಾರಿ ಸುಲಭ. ರಾಜಾಜಿನಗರದಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ನೇರವಾಗಿ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯಬಹುದು. ಕೆಂಗೇರಿ, ವಿಜಯನಗರದವರು ನೇರಳೆ ಮಾರ್ಗದಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಬೇಕು. ಬಸವೇಶ್ವರನಗರದವರಿಗೆ ರಾಜಾಜಿನಗರದ ನಿಲ್ದಾಣದವರೆಗೆ ಆಟೊ ಇದ್ದೇ ಇದೆ. ಮಾರುಕಟ್ಟೆಯ ನಿಲ್ದಾಣದ ಬಳಿಯೇ ಹಳೆಯ ಕೋಟೆಯ ಡೆಲ್ಲಿ ಗೇಟ್ ಉಳಿದಿದೆ. ಅದರ ದಪ್ಪ ಕಲ್ಲುಗಳನ್ನು ನೋಡಿಕೊಂಡು ಮುಂದೆ ನಡೆದರೆ ಕೋಟೆ ವೆಂಕಟರಮಣ ದೇವಸ್ಥಾನ ಸಿಗುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದ ಈ ಗುಡಿಯ ಪಕ್ಕದಲ್ಲೇ ಅರಮನೆ. ಒಂದು ಕಾಲಕ್ಕೆ ಇವೆರಡೂ ಕೋಟೆಯ ಒಳಗಿದ್ದವು.

ಕೆಂಪೇಗೌಡರು ಕಟ್ಟಿಸಿದ್ದು ಮಣ್ಣಿನ ಕೋಟೆ. ಅದು ಕಲ್ಲಿನ ಕೋಟೆಯಾದದ್ದು 1761ರ ಸುಮಾರಿಗೆ, ಹೈದರಾಲಿಯ ಕಾಲದಲ್ಲಿ. ಅರಮನೆಯ ಕೆಲಸ ಶುರುವಾದದ್ದು 1781ರಲ್ಲಿ. ಮರುವರ್ಷ ಹೈದರಾಲಿ ತೀರಿಕೊಂಡದ್ದರಿಂದ ಕೆಲಸ ಮಗನ ಪಾಲಿಗೆ ಬಂತು. ಟಿಪ್ಪು ಅದನ್ನು ಪೂರ್ಣಗೊಳಿಸಿದ್ದು 1791ರಲ್ಲಿ. ಅದೇ ವರ್ಷ ಮಾರ್ಚ್‌ನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರು ಕೋಟೆಯನ್ನು ಮುತ್ತಿ ವಶಪಡಿಸಿಕೊಂಡಿತು. ಮುಂದಿನ ವರ್ಷದ ಒಪ್ಪಂದದಲ್ಲಿ ಊರು ಟಿಪ್ಪುವಿಗೆ ಮರಳಿತಾದರೂ, 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿ ಆತ ಮಡಿದ.

ಎರಡು ಅಂತಸ್ತಿನ ಕಟ್ಟಡವಿದು. ಒಳಗೆ ಕಾಲಿಟ್ಟ ಮಗು ಮೊದಲು ತಲೆಯೆತ್ತಿ ನೋಡುವುದು ಸಾಲುಸಾಲು ತೇಗದ ಕಂಬಗಳನ್ನು. ಒಂದು ಕಂಬದ ಬುಡದಲ್ಲಿ ಕುಳಿತು ಗಮನಿಸಬೇಕು. ಮರ ನೆಲಕ್ಕೆ ತಾಗಿಲ್ಲ, ಕಲ್ಲಿನ ಪೀಠದ ಮೇಲೆ ನಿಂತಿದೆ. ನೆಲದ ತೇವ ಮರಕ್ಕೆ ಏರದಂತೆ, ಗೆದ್ದಲು ಸುಲಭವಾಗಿ ಹತ್ತದಂತೆ ಕಾಪಾಡುವುದು ಈ ಪೀಠವೇ. ಅಲ್ಲಿಂದ ಮೇಲಕ್ಕೆ ಕಣ್ಣು ಹಾಯಿಸಿದರೆ ಕಂಬದ ಮೈತುಂಬ ಉದ್ದುದ್ದ ಗೀರು, ತುದಿಯಲ್ಲಿ ಕೆತ್ತನೆ, ಕಂಬದಿಂದ ಕಂಬಕ್ಕೆ ಹೂದಳದಂತೆ ಬಾಗಿದ ಮರದ ಕಮಾನು. ಗೋಡೆಗಳ ಮೇಲೆ ಹೂಬಳ್ಳಿಯ ಚಿತ್ತಾರವಿದೆ. ಹಲವು ಕಡೆ ಬಣ್ಣ ಮಾಸಿದೆ, ಗೆರೆಗಳು ಮಾತ್ರ ಇನ್ನೂ ಕಾಣುತ್ತವೆ. ಮಹಡಿಯಲ್ಲಿ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಉಪ್ಪರಿಗೆ. ಸುಲ್ತಾನ ದರ್ಬಾರು ನಡೆಸುತ್ತಿದ್ದುದು ಅಲ್ಲಿ. ಮೂಲೆಗಳಲ್ಲಿರುವ ನಾಲ್ಕು ಸಣ್ಣ ಕೋಣೆಗಳು ರಾಣಿವಾಸದವರಿಗೆ ಮೀಸಲಾಗಿದ್ದವು.

ಇಂಥ ಮನೆಗೆ ಗುಮಾಸ್ತರೂ ದಫ್ತರಗಳೂ ಬಂದದ್ದು ಹೇಗೆ? ಟಿಪ್ಪುವಿನ ನಂತರ ಮೈಸೂರಿನ ಸಿಂಹಾಸನಕ್ಕೆ ಬಂದವರು ಮುಮ್ಮಡಿ ಕೃಷ್ಣರಾಜ ಒಡೆಯರ್. 1830ರ ಹೊತ್ತಿಗೆ ಮಲೆನಾಡಿನ ನಗರ ಪ್ರಾಂತ್ಯದಲ್ಲಿ ರೈತರು ದಂಗೆಯೆದ್ದರು. ಅದನ್ನೇ ಕಾರಣವಾಗಿ ತೋರಿಸಿ ಬ್ರಿಟಿಷರು 1831ರಲ್ಲಿ ಸಂಸ್ಥಾನದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಆಡಳಿತದ ಕೇಂದ್ರ ಮೈಸೂರಿನಿಂದ ಬೆಂಗಳೂರಿಗೆ ಬಂತು. ಕಚೇರಿಗೆ ಸಿಕ್ಕ ಜಾಗ ಕೋಟೆಯೊಳಗಿನ ಈ ಅರಮನೆ. 1834ರಿಂದ 1861ರವರೆಗೆ ಸಂಸ್ಥಾನದ ಆಡಳಿತ ನಡೆಸುವ ಕಮಿಷನರ್ ಆಗಿದ್ದವರು ಮಾರ್ಕ್ ಕಬ್ಬನ್, ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟವರು.

ಕೆಲಸ ಬೆಳೆಯಿತು, ಇಲಾಖೆಗಳು ಹೆಚ್ಚಿದವು, ಜಾಗ ಸಾಲದಾಯಿತು. ಕಮಿಷನರ್ ಬೌರಿಂಗ್ ಅವರ ಕಾಲದಲ್ಲಿ ಹದಿನೆಂಟು ಇಲಾಖೆಗಳಿಗೆಂದು ಅಠಾರ ಕಚೇರಿ ಎದ್ದಿತು. 1868ರಲ್ಲಿ ಕಚೇರಿಗಳು ಅಲ್ಲಿಗೆ ಹೋದವು. ಆ ಕೆಂಪು ಕಟ್ಟಡದಲ್ಲಿ ಈಗ ಹೈಕೋರ್ಟ್ ಇದೆ. ಅದರ ಎದುರಿಗೆ ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧ 1956ರಲ್ಲಿ ಸಿದ್ಧವಾದಾಗ ಸಚಿವಾಲಯ ರಸ್ತೆ ದಾಟಿತು. ಮಕ್ಕಳಿಗೆ ಉತ್ಸಾಹವಿದ್ದರೆ ಮೂರನ್ನೂ ಒಂದೇ ದಿನ ನೋಡಬಹುದು. ಮಾರುಕಟ್ಟೆಯಿಂದ ಮೆಜೆಸ್ಟಿಕ್‌ಗೆ ಎರಡು ನಿಲ್ದಾಣ, ಅಲ್ಲಿಂದ ವಿಧಾನಸೌಧಕ್ಕೆ ಇನ್ನೆರಡು.

ಅರಮನೆಯ ಕೆಳ ಅಂತಸ್ತಿನ ಕೋಣೆಗಳಲ್ಲಿ ಸಣ್ಣ ಸಂಗ್ರಹಾಲಯವಿದೆ. ಅಲ್ಲಿ ಮಕ್ಕಳು ಬಿಟ್ಟು ಕದಲದ ವಸ್ತುವೆಂದರೆ ಟಿಪ್ಪುವಿನ ಹುಲಿಯ ಪ್ರತಿಕೃತಿ: ನೆಲಕ್ಕೆ ಬಿದ್ದ ಯುರೋಪಿಯನ್ ಸಿಪಾಯಿಯ ಮೇಲೆರಗಿದ ಮರದ ಹುಲಿ. ಮೂಲ ಹುಲಿಯ ಹೊಟ್ಟೆಯಲ್ಲಿ ಆರ್ಗನ್ ವಾದ್ಯವೂ ತಿದಿಗಳೂ ಇವೆ. ಪಕ್ಕದ ಹಿಡಿಕೆ ತಿರುಗಿಸಿದರೆ ಸಿಪಾಯಿಯ ಕೈ ಮೇಲೆ ಕೆಳಗೆ ಆಡುತ್ತದೆ, ನರಳುವ ಸದ್ದೂ ಹುಲಿಯ ಗುರುಗುಟ್ಟುವಿಕೆಯೂ ಹೊರಡುತ್ತವೆ. 1799ರಲ್ಲಿ ಶ್ರೀರಂಗಪಟ್ಟಣದಿಂದ ಹೊತ್ತೊಯ್ದ ಆ ಮೂಲ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಬ್ರಿಟನ್ನಿನ ಕನ್ನಡದ ಮಕ್ಕಳು ಶನಿವಾರ ಬಿಡುವು ಮಾಡಿಕೊಂಡು ಅದನ್ನು ಮೊದಲೇ ನೋಡಿಬಂದರೆ, ಬೆಂಗಳೂರಿನ ಅಣ್ಣತಮ್ಮಂದಿರಿಗೆ ವಿವರಿಸುವ ಸರದಿ ಅವರದಾಗುತ್ತದೆ.

ಅರಮನೆಯನ್ನು ನೋಡಿಕೊಳ್ಳುತ್ತಿರುವುದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಒಂದು ಪುಸ್ತಕ, ಪೆನ್ಸಿಲ್ ಜೊತೆಗಿರಲಿ. ಒಂದು ಕಮಾನಿನಲ್ಲಿ ಎಷ್ಟು ದಳಗಳಿವೆ ಎಂದು ಎಣಿಸಿ ಮಕ್ಕಳು ಬರೆದ ಚಿತ್ರಗಳನ್ನು ತಂದೆತಾಯಿ ಕೂಟದ ಸಂಚಿಕೆಗೆ ಕಳುಹಿಸಿಕೊಟ್ಟರೆ, ಮುಂದಿನ ಮಕ್ಕಳ ಪುಟದಲ್ಲಿ ಅವು ಅಚ್ಚಾಗಲಿವೆ.