ಮಹಾತ್ಮಾ ಗಾಂಧಿಯವರ ಶಾಕಾಹಾರ ವ್ರತ

ಮಹಾತ್ಮಾ ಗಾಂಧಿಯವರು 1869ನೆಯ ಇಸವಿ ಅಕ್ಟೋಬರ್ 2ರಂದು ಕಾಠೇವಾಡದ ಪೋರಬಂದರಿನಲ್ಲಿ ವೈಷ್ಣವ ಮನೆತನದಲ್ಲಿ ಜನಿಸಿದರು. ಮಾಂಸಾಹಾರವು ಆ ಮನೆತನಕ್ಕೆ ಸರ್ವಥಾ ನಿಷಿದ್ಧವಾಗಿದ್ದಿತು. ಆದರೂ ಬಾಲ್ಯದಲ್ಲಿ ಗೆಳೆಯನೊಬ್ಬನ ಮಾತಿಗೆ ಮರುಳಾಗಿ, ಮಾಂಸದಿಂದ ಬಲವುಂಟಾಗಿ ಆಂಗ್ಲರನ್ನು ಜಯಿಸಬಹುದೆಂದು ನಂಬಿ, ಸುಮಾರು ಒಂದು ವರುಷ ಆಗಾಗ ಗುಟ್ಟಾಗಿ ಅದನ್ನು ಸೇವಿಸಿದರು. ಹೆತ್ತವರಿಗೆ ಸುಳ್ಳಾಡಬೇಕಾಗಿ ಬಂದುದು ಅವರ ಮನಸ್ಸನ್ನು ಸುಡತೊಡಗಲು, ಅದನ್ನು ತ್ಯಜಿಸಿದರು.

1888ರಲ್ಲಿ ವಿದ್ಯಾರ್ಜನೆಗಾಗಿ ವಿಲಾಯತಿಗೆ ತೆರಳುವ ಮುನ್ನ, ಜೈನ ಸಾಧುಗಳಾದ ಬೇಚರಜೀ ಸ್ವಾಮಿಗಳ ಸಮಕ್ಷಮದಲ್ಲಿ ಮದ್ಯ, ಮಾಂಸ, ಸ್ತ್ರೀಸಂಗಗಳನ್ನು ಮುಟ್ಟೆನೆಂದು ಮಾತೆ ಪುತಲೀಬಾಯಿಯವರಿಗೆ ಮಾತು ಕೊಟ್ಟರು. ಲಂಡನ್ನಿನಲ್ಲಿ ಅರೆಹೊಟ್ಟೆಯಲ್ಲಿ ದಿನಗಳನ್ನು ಕಳೆದು, ಕಡೆಗೆ ಫ್ಯಾರಿಂಗ್‌ಡನ್ ಬೀದಿಯಲ್ಲಿ ಶಾಕಾಹಾರದ ಭೋಜನಗೃಹವೊಂದನ್ನು ಕಂಡರು. ಅಲ್ಲಿ ಕೊಂಡ ಹೆನ್ರಿ ಸಾಲ್ಟರ ಗ್ರಂಥವನ್ನೋದಿದ ಮೇಲೆ, ತಾಯಿಯ ಸಲುವಾಗಿ ನಡೆಸುತ್ತಿದ್ದ ವ್ರತವು ಅವರ ಸ್ವಂತ ನಂಬುಗೆಯಾಯಿತು.

ಆ ದೇಶದಲ್ಲಿ ಮಾಂಸವೆಂಬುದಕ್ಕೆ ಮೂರು ಬಗೆಯ ಅರ್ಥಗಳಿದ್ದುವು. ಪಶುಪಕ್ಷಿಗಳ ಮಾಂಸವನ್ನು ಮಾತ್ರ ಬಿಟ್ಟು ಮೀನು ಮೊಟ್ಟೆಗಳನ್ನು ತಿನ್ನುವವರು ಕೆಲವರು; ಮೀನನ್ನೂ ಬಿಟ್ಟು ಮೊಟ್ಟೆಯನ್ನು ಕೊಳ್ಳುವವರು ಕೆಲವರು; ಮೊಟ್ಟೆ, ಹಾಲುಗಳನ್ನೂ ವರ್ಜಿಸುವವರು ಮತ್ತೆ ಕೆಲವರು. ಎರಡನೆಯ ಅರ್ಥವನ್ನು ನಂಬಿ ಗಾಂಧಿಯವರು ಕೆಲವು ದಿನ ಮೊಟ್ಟೆಯನ್ನು ತಿಂದರು. ಆದರೆ ಪ್ರತಿಜ್ಞೆಯನ್ನು ಮಾಡಿಸಿದ ತಾಯಿಯ ತಿಳಿವಿನಲ್ಲಿ ಮೊಟ್ಟೆಯೂ ಮಾಂಸವೇ ಆಗಿದ್ದಿತು. ಮಾತನ್ನು ಪಡೆದವರು ಅದನ್ನು ಹೇಗೆ ತಿಳಿದರೋ ಅದೇ ಅದರ ಅರ್ಥವೆಂದು ನಿರ್ಣಯಿಸಿ, ಮೊಟ್ಟೆ ಬೆರೆತ ಭಕ್ಷ್ಯಗಳನ್ನು ಸಹ ವಿಚಾರಿಸಿ ಬಿಟ್ಟರು. 1891ರಲ್ಲಿ ಸ್ವದೇಶಕ್ಕೆ ಮರಳಿದಾಗ ಆ ತಾಯಿಯು ಇಹಲೋಕದಲ್ಲಿರಲಿಲ್ಲ. ವ್ರತವು ಮಾತ್ರ ಉಳಿದಿತ್ತು.

ಕಲಕತ್ತೆಯಲ್ಲಿ ಹಾಲಿಗಾಗಿ ಹಸು ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆಯ ವೃತ್ತಾಂತವನ್ನೋದಿ ನೊಂದು, 1912ರಲ್ಲಿ ದಕ್ಷಿಣ ಆಫ್ರಿಕೆಯ ಟಾಲ್‌ಸ್ಟಾಯ್ ಆಶ್ರಮದಲ್ಲಿ ಹಾಲನ್ನೂ ತೊರೆದರು. 1918ರಲ್ಲಿ ಅತಿಸಾರವು ಅವರನ್ನು ಮರಣದ ಅಂಚಿಗೊಯ್ದಿತು. ಹಾಲಿಲ್ಲದೆ ದೇಹವು ಚೇತರಿಸದೆಂದು ವೈದ್ಯರು ತಿಳಿಸಲು, ಕಸ್ತೂರಬಾ ಅವರು ಆಡಿನ ಹಾಲು ಆಗಬಹುದಲ್ಲವೇ ಎಂದರು. ಪ್ರತಿಜ್ಞೆಯ ಕಾಲದಲ್ಲಿ ಹಸು ಎಮ್ಮೆಗಳೇ ಮನಸ್ಸಿನಲ್ಲಿದ್ದುದರಿಂದ ಗಾಂಧಿಯವರು ಒಪ್ಪಿದರು. ಅಕ್ಷರವು ಉಳಿಯಿತು, ಆತ್ಮವು ಅಳಿಯಿತೆಂದು ತಮ್ಮ ಆತ್ಮಕಥೆಯಲ್ಲಿ ಅವರು ಮುಚ್ಚುಮರೆಯಿಲ್ಲದೆ ಬರೆದಿರುವರು.

1931ರ ನವಂಬರ್ 20ರಂದು ಲಂಡನ್ನಿನ ಶಾಕಾಹಾರಿಗಳ ಸಭೆಯಲ್ಲಿ, ಆರೋಗ್ಯವೊಂದನ್ನೇ ಬಯಸಿ ಹಿಡಿದ ವ್ರತವು ರೋಗ ಬಂದೊಡನೆ ಸಡಿಲುವುದು, ಅದಕ್ಕೆ ಧರ್ಮವೇ ತಳಹದಿಯಾಗಬೇಕು ಎಂದು ಬೋಧಿಸಿದರು. ವಯೋವೃದ್ಧರಾದ ಸಾಲ್ಟರೂ ಆ ಸಭೆಯಲ್ಲಿದ್ದರು. 1942ರಲ್ಲಿ ಸೆರೆಮನೆಯಲ್ಲಿ ಆರೋಗ್ಯವನ್ನು ಕುರಿತು ಬರೆದಾಗ, ಹಾಲು ಕೂಡ ಪ್ರಾಣಿಜನ್ಯವೆಂಬುದನ್ನು ಅವರು ಮರೆಮಾಚಲಿಲ್ಲ. ಶಾಕಾಹಾರದಲ್ಲಿ ಭೇದಗಳು ಹಲವು. ತಾನು ಹಿಡಿದುದು ಯಾವುದು, ಏತಕ್ಕೆ ಹಿಡಿದೆನೆಂಬ ಅರಿವೂ, ಎಡವಿದರೆ ಒಪ್ಪಿಕೊಳ್ಳುವ ಸತ್ಯವೂ ಇದ್ದಲ್ಲಿಯೇ ವ್ರತವು ವ್ರತವೆನಿಸುವುದೆಂದು ಅವರ ಜೀವನವು ತೋರಿಕೊಡುವುದು.