ಸ್ಕೌಟ್ ಪಿತಾಮಹ ಬೇಡನ್ ಪೊವೆಲ್



ಈ ಸಲ ಮಹನೀಯರ ಜೀವನ ಚರಿತ್ರೆ ಬರೆಯುವ ಸರದಿ ನನ್ನದು. ಯಾರ ಬಗ್ಗೆ ಬರೆಯಲಿ ಅಂತ ಕೇಳಿದಾಗ ನಮ್ಮ ಸ್ಕೌಟ್ ಮೇಷ್ಟ್ರು ಬೀರುವಿನಿಂದ ಒಂದು ಹಳೇ ಪುಸ್ತಕ ತೆಗೆದು, ಬೇಡನ್ ಪೊವೆಲ್ ಅವರ ಬಗ್ಗೆ ಬರಿ ಅಂದರು. ಬೇರೇನೂ ಹೇಳಲಿಲ್ಲ. ಯಾಕೆ ಕೊಟ್ಟರು ಅಂತ ಪುಸ್ತಕ ಮುಗಿಯೋ ಹೊತ್ತಿಗೆ ನನಗೇ ಗೊತ್ತಾಯಿತು. ಅದಕ್ಕೇ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ.

ಆಗಸ್ಟ್ 15ರ ಪಥಸಂಚಲನಕ್ಕೆ ನಾವು ಶನಿವಾರ ಮೈದಾನದಲ್ಲಿ ಅಭ್ಯಾಸ ಮಾಡುತ್ತಿದ್ದೆವು. ನಾನು ಪೆಟ್ರೋಲ್ ಲೀಡರ್. (ಇದು ಬಂಕಿನಲ್ಲಿ ಸಿಗುವ ಪೆಟ್ರೋಲ್ ಅಲ್ಲ! ಸ್ಕೌಟ್‌ನಲ್ಲಿ ಆರೆಂಟು ಜನರ ಚಿಕ್ಕ ತಂಡಕ್ಕೆ ಹಾಗಂತಾರೆ.) ನನ್ನ ತಂಡದ ಒಬ್ಬ ಚಿಕ್ಕ ಹುಡುಗ ಹವಾಯಿ ಚಪ್ಪಲಿಯಲ್ಲೇ ಬಂದಿದ್ದ. ಕೊರಳಿಗೆ ಸ್ಕಾರ್ಫ್ ಕೂಡ ಇರಲಿಲ್ಲ. ಸಾಲು ಕೆಡುತ್ತೆ ಅಂತ ನಾನು ಎಲ್ಲರ ಎದುರಿಗೇ ಅವನನ್ನು ಹೊರಗೆ ಕಳಿಸಿದೆ. ಅವನು ಹೊಂಗೆ ಮರದ ಕೆಳಗೆ ಕೂತು ನಾವು ಸಾವಧಾನ್, ವಿಶ್ರಾಮ್ ಮಾಡುವುದನ್ನು ನೋಡುತ್ತಿದ್ದ. ಮುಂದಿನ ಶನಿವಾರದಿಂದ ಸ್ಕೌಟ್‌ಗೇ ಬರಲಿಲ್ಲ. ಸಮವಸ್ತ್ರದ ಶಿಸ್ತು ಕಾಪಾಡಿದೆ ಅಂತ ನಾನು ಬೀಗುತ್ತಿದ್ದೆ. ಈಗ ಬೇಡನ್ ಪೊವೆಲ್ ಅವರ ಕಥೆ ಕೇಳಿ.

ಬೇಡನ್ ಪೊವೆಲ್ ಅವರ ಪೂರ್ತಿ ಹೆಸರು ರಾಬರ್ಟ್ ಸ್ಟೀಫನ್‌ಸನ್ ಸ್ಮಿತ್ ಬೇಡನ್ ಪೊವೆಲ್. ಸ್ಕೌಟ್ ಹುಡುಗರೆಲ್ಲ ಪ್ರೀತಿಯಿಂದ ಬಿ.ಪಿ. ಅನ್ನುತ್ತಾರೆ. ಹುಟ್ಟಿದ್ದು 1857ರ ಫೆಬ್ರವರಿ 22ರಂದು, ಲಂಡನ್ನಿನಲ್ಲಿ. ತಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೇಖಾಗಣಿತದ ಪ್ರಾಧ್ಯಾಪಕರು. ಬಿ.ಪಿ.ಗೆ ಮೂರು ವರ್ಷವಾಗಿದ್ದಾಗಲೇ ತಂದೆ ತೀರಿಕೊಂಡರು. ಮನೆ ತುಂಬ ಮಕ್ಕಳು. ತಾಯಿ ಹೆನ್ರಿಯೆಟ್ಟಾ ಧೈರ್ಯವಾಗಿ ಎಲ್ಲರನ್ನೂ ಸಾಕಿ ಓದಿಸಿದರು.

ಬಿ.ಪಿ. ವಿದ್ಯಾರ್ಥಿವೇತನ ಪಡೆದು ಚಾರ್ಟರ್‌ಹೌಸ್ ಎಂಬ ಶಾಲೆ ಸೇರಿದರು. 1872ರಲ್ಲಿ ಆ ಶಾಲೆ ಲಂಡನ್ ಬಿಟ್ಟು ಗೊಡಾಲ್ಮಿಂಗ್ ಎಂಬ ಊರಿಗೆ ಹೋಯಿತು. ಅಲ್ಲಿ ಶಾಲೆಯ ಪಕ್ಕದಲ್ಲೇ ಕಾಡು! ಹುಡುಗರು ಅಲ್ಲಿಗೆ ಹೋಗಬಾರದು ಅಂತ ಕಟ್ಟಪ್ಪಣೆ. ಆದರೂ ಬಿ.ಪಿ. ಕದ್ದು ಹೋಗಿ ಮೊಲ ಹಿಡಿದು ಬೇಯಿಸುತ್ತಿದ್ದರಂತೆ. ಹೊಗೆ ಎದ್ದರೆ ಮೇಷ್ಟ್ರಿಗೆ ಗೊತ್ತಾಗುತ್ತದಲ್ಲ, ಅದಕ್ಕೆ ಹೊಗೆಯಾಡದ ಹಾಗೆ ಬೆಂಕಿ ಮಾಡುವುದನ್ನು ಕಲಿತರು. ಸದ್ದಿಲ್ಲದೆ ನಡೆಯುವುದು, ಹೆಜ್ಜೆ ಗುರುತು ನೋಡುವುದು, ಪೊದೆಯಲ್ಲಿ ಅಡಗುವುದು ಎಲ್ಲಾ ಅಲ್ಲೇ ಕಲಿತದ್ದು. (ಇದನ್ನು ಓದಿ ಯಾರೂ ಶಾಲೆ ತಪ್ಪಿಸಿ ಕೆರೆ ಏರಿ ಕಡೆ ಹೋಗಬೇಡಿ!)

1876ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಸೈನ್ಯದ ಪರೀಕ್ಷೆ ಪಾಸಾಗಿ ನಮ್ಮ ದೇಶಕ್ಕೇ ಬಂದರು. ಲಖನೌದಲ್ಲಿದ್ದ 13ನೇ ಹುಸಾರ್ಸ್ ಎಂಬ ಕುದುರೆ ಪಡೆಯಲ್ಲಿ ಅಧಿಕಾರಿಯಾದರು. ಚಿತ್ರ ಬರೆಯುವುದರಲ್ಲಿ ಬಹಳ ಜಾಣರು. ಬೇಹುಗಾರಿಕೆಗೆ ಹೋದಾಗ ಚಿಟ್ಟೆ ಹಿಡಿಯುವವನ ವೇಷ ಹಾಕಿ, ಚಿಟ್ಟೆಯ ರೆಕ್ಕೆಯ ಗೆರೆಗಳಲ್ಲಿ ಕೋಟೆಯ ನಕ್ಷೆ ಬಚ್ಚಿಟ್ಟು ಬರೆದದ್ದನ್ನು ಅವರೇ ಮುಂದೆ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ.

1896ರಲ್ಲಿ ಆಫ್ರಿಕಾದ ಮಟಾಬೆಲೆಲ್ಯಾಂಡಿನಲ್ಲಿ ಯುದ್ಧಕ್ಕೆ ಹೋದರು. ಅಲ್ಲಿ ಬರ್ನ್‌ಹ್ಯಾಮ್ ಎಂಬ ಅಮೆರಿಕದ ಬೇಹುಗಾರರಿಂದ ಕಾಡಿನ ವಿದ್ಯೆಯನ್ನು ಇನ್ನೂ ಚೆನ್ನಾಗಿ ಕಲಿತರು. ಮರುವರ್ಷ ಮತ್ತೆ ಭಾರತಕ್ಕೆ ಬಂದು ಮೀರತ್‌ನಲ್ಲಿ ಒಂದು ಕುದುರೆ ಪಡೆಯ ಮುಖ್ಯಸ್ಥರಾದರು. ಸೈನಿಕರನ್ನು ದೊಡ್ಡ ಗುಂಪಾಗಿ ನಿಲ್ಲಿಸಿ ಕೂಗುವುದಕ್ಕಿಂತ ಸಣ್ಣ ತಂಡ ಮಾಡಿ ಕಲಿಸಿದರೆ ಬೇಗ ಕಲಿಯುತ್ತಾರೆ ಅನ್ನೋದು ಅವರ ಅನುಭವ. ಚೆನ್ನಾಗಿ ಕಲಿತ ಬೇಹುಗಾರರಿಗೆ ಉತ್ತರ ದಿಕ್ಕನ್ನು ತೋರಿಸುವ ಬಾಣದ ಮೊನೆಯಂಥ ಬ್ಯಾಡ್ಜು ಕೊಡುತ್ತಿದ್ದರು. ನಮ್ಮ ಸ್ಕೌಟ್ ಬ್ಯಾಡ್ಜಿನ ಮೂರು ಎಸಳಿನ ಗುರುತು ಅದೇ! ನಮ್ಮದರಲ್ಲಿ ನಡುವೆ ಅಶೋಕ ಚಕ್ರ ಇದೆ.

ಅವರು ಲೋಕಕ್ಕೆಲ್ಲ ಪರಿಚಿತರಾದದ್ದು ಮೆಫೆಕಿಂಗ್ ಎಂಬ ಊರಿನಿಂದ. ಅದು ದಕ್ಷಿಣ ಆಫ್ರಿಕಾದಲ್ಲಿದೆ. 1899ರ ಅಕ್ಟೋಬರ್‌ನಲ್ಲಿ ಬೋಯರ್ ಸೈನ್ಯ ಆ ಊರನ್ನು ಮುತ್ತಿತು. 217 ದಿನ ಬಿ.ಪಿ. ಊರನ್ನು ಬಿಟ್ಟುಕೊಡಲಿಲ್ಲ. ಆಗ ಊರಿನ ಹುಡುಗರದೇ ಒಂದು ದಳ ಇತ್ತು. ಅವರಿಗೆ ಖಾಕಿ ಸಮವಸ್ತ್ರ, ಗುಡ್‌ಇಯರ್ ಎಂಬ ಹುಡುಗನೇ ನಾಯಕ. ಗುಂಡು ಹಾರುತ್ತಿದ್ದರೂ ಆ ಹುಡುಗರು ಪತ್ರ ತಲುಪಿಸುತ್ತಿದ್ದರು. ಮೊದಲು ಕತ್ತೆಯ ಮೇಲೆ, ಆಮೇಲೆ ಸೈಕಲ್ ಮೇಲೆ. ನಂಬಿ ಜವಾಬ್ದಾರಿ ಕೊಟ್ಟರೆ ಹುಡುಗರು ದೊಡ್ಡವರಂತೆ ಕೆಲಸ ಮಾಡುತ್ತಾರೆ ಅಂತ ಬಿ.ಪಿ.ಗೆ ಮನವರಿಕೆಯಾಯಿತು.

ಒಂದು ಮಾತು ಇಲ್ಲಿ ಮುಚ್ಚಿಡಬಾರದು. ಆ ಮುತ್ತಿಗೆಯಲ್ಲಿ ಆಫ್ರಿಕಾದ ಮೂಲ ಜನರೂ ಊರನ್ನು ಕಾದರು. ಆದರೆ ಅವರಿಗೆ ಬಿಳಿಯರಿಗಿಂತ ಕಡಿಮೆ ಆಹಾರ ಸಿಕ್ಕಿತು. ಹಸಿವಿನಿಂದ ಬಹಳ ಜನ ಸತ್ತರು. ಬಿ.ಪಿ. ಬ್ರಿಟಿಷ್ ಸಾಮ್ರಾಜ್ಯದ ಸೈನಿಕರು, ಆ ಕಾಲದ ಬಿಳಿಯರ ತಪ್ಪು ಅವರಲ್ಲೂ ಇತ್ತು. ದೊಡ್ಡವರ ಚರಿತ್ರೆ ಬರೆಯುವಾಗ ಒಳ್ಳೇದನ್ನಷ್ಟೇ ಬರೆದರೆ ಅದು ಅರ್ಧ ಚರಿತ್ರೆ.

ಊರಿಗೆ ಹಿಂತಿರುಗಿದ ಮೇಲೆ ಹುಡುಗರಿಗಾಗಿ ಏನಾದರೂ ಮಾಡಬೇಕು ಅನ್ನಿಸಿತು. 1907ರ ಆಗಸ್ಟ್ ಮೊದಲ ವಾರ ಇಂಗ್ಲೆಂಡಿನ ದಕ್ಷಿಣದ ಬ್ರೌನ್‌ಸೀ ಎಂಬ ದ್ವೀಪದಲ್ಲಿ ಸುಮಾರು 20 ಹುಡುಗರನ್ನು ಸೇರಿಸಿ ಶಿಬಿರ ಮಾಡಿದರು. ಅರ್ಧದಷ್ಟು ಹುಡುಗರು ಈಟನ್, ಹ್ಯಾರೋ ಅಂಥ ಶ್ರೀಮಂತ ಶಾಲೆಯವರು. ಉಳಿದವರು ಪೂಲ್, ಬೋರ್ನ್‌ಮತ್ ಊರುಗಳ ದುಡಿಯುವ ಮನೆಯ ಮಕ್ಕಳು. ಎಲ್ಲರನ್ನೂ ಬೆರೆಸಿ ತೋಳ, ಗೂಳಿ, ಕಾಗೆ, ಕರ್ಲ್ಯೂ ಹಕ್ಕಿ ಅಂತ ನಾಲ್ಕು ತಂಡ ಮಾಡಿದರು. ಮುಂಜಾನೆ ಕೂಡು ಎಂಬ ಆಫ್ರಿಕಾದ ಜಿಂಕೆಯ ಕೊಂಬನ್ನು ಊದಿ ಎಬ್ಬಿಸುತ್ತಿದ್ದರು. ರಾತ್ರಿ ಬೆಂಕಿಯ ಸುತ್ತ ಕೂರಿಸಿಕೊಂಡು ಕಥೆ ಹೇಳುತ್ತಿದ್ದರು.

ಆ ಮೊದಲ ಶಿಬಿರದಲ್ಲಿ ಹುಡುಗರಿಗೆ ಯಾವ ಸಮವಸ್ತ್ರ ಇತ್ತು ಗೊತ್ತಾ? ನಮಗಿರುವ ಹಾಗೆ ಪೂರ್ತಿ ಸಮವಸ್ತ್ರ ಇರಲೇ ಇಲ್ಲ! ಒಂದು ಹಿತ್ತಾಳೆ ಬ್ಯಾಡ್ಜು, ಭುಜದ ಮೇಲೆ ಬಣ್ಣದ ಉಣ್ಣೆ ದಾರದ ಗಂಟು. ತೋಳದವರಿಗೆ ನೀಲಿ, ಗೂಳಿಗೆ ಹಸಿರು, ಕಾಗೆಗೆ ಕೆಂಪು, ಕರ್ಲ್ಯೂಗೆ ಹಳದಿ. ಅಷ್ಟೇ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಹೊಂಗೆ ಮರದ ಕೆಳಗೆ ಕೂತಿದ್ದ ಹುಡುಗ ಜ್ಞಾಪಕಕ್ಕೆ ಬಂದ.

1908ರಲ್ಲಿ ಸ್ಕೌಟಿಂಗ್ ಫಾರ್ ಬಾಯ್ಸ್ ಎಂಬ ಪುಸ್ತಕ ಆರು ಭಾಗವಾಗಿ ಹೊರಬಂತು. ಅದನ್ನು ಓದಿ ಹುಡುಗರು ತಾವಾಗಿಯೇ ದಳ ಕಟ್ಟಿಕೊಂಡರು. ಅಗಲ ಅಂಚಿನ ಟೋಪಿ ಬಿಸಿಲಿಗೆ, ಮಳೆಗೆ. ಕೊರಳಿನ ಸ್ಕಾರ್ಫ್ ಬಿಚ್ಚಿದರೆ ಮುರಿದ ಕೈಗೆ ಜೋಳಿಗೆ, ಗಾಯಕ್ಕೆ ಪಟ್ಟಿ. ಅಂದರೆ ಬಿ.ಪಿ. ಸಮವಸ್ತ್ರ ಮಾಡಿದ್ದು ಬರೀ ಅಂದಕ್ಕಲ್ಲ, ಉಪಯೋಗಕ್ಕೆ. ಇನ್ನೊಂದು ಕಾರಣವೂ ಇತ್ತು. ಒಂದೇ ಥರ ಬಟ್ಟೆ ಹಾಕಿದರೆ ಬಡವ ಬಲ್ಲಿದ ಅನ್ನೋ ಭೇದ, ದೇಶ ದೇಶದ ಭೇದ ಮರೆಯಾಗುತ್ತದೆ ಅನ್ನೋದು ಅವರ ವಿಚಾರ. ಹಾಗಂತ ಕೊಳಕಾಗಿ ಇರಬಹುದು ಅಂತಲ್ಲ. ಹಾಕಿಕೊಂಡದ್ದನ್ನು ಒಗೆದು, ಗುಂಡಿ ಹಾಕಿ, ನೀಟಾಗಿ ಹಾಕಿಕೊಳ್ಳಬೇಕು.

ಡ್ರಿಲ್ ಬಗ್ಗೆ ಅವರು ಹೇಳಿದ್ದು ನನಗೆ ಆಶ್ಚರ್ಯ ತಂದಿತು. ಸೈನ್ಯದ ದೊಡ್ಡ ಅಧಿಕಾರಿಯಾಗಿದ್ದವರು ಅತಿಯಾದ ಡ್ರಿಲ್ ಬೇಡ ಅಂದರು! ಬರೀ ಹೆಜ್ಜೆ ಹಾಕಿಸುತ್ತಿದ್ದರೆ ಹುಡುಗರು ಯಂತ್ರದ ಹಾಗೆ ಆಗುತ್ತಾರೆ, ಸ್ವಂತ ಯೋಚನೆ ಹೋಗುತ್ತೆ ಅನ್ನೋದು ಅವರ ಅಭಿಪ್ರಾಯ. ನೆಟ್ಟಗೆ ನಿಲ್ಲುವುದಕ್ಕೆ, ಒಟ್ಟಿಗೆ ನಡೆಯುವುದಕ್ಕೆ ಎಷ್ಟು ಬೇಕೋ ಅಷ್ಟು ಡ್ರಿಲ್ ಸಾಕು. ಕಿರುಚುವ ಬದಲು ಪೀಪಿ, ಕೈಸನ್ನೆ ಸಾಕು. ಹೊಸಬರು ಪ್ರತಿಜ್ಞೆ ತೆಗೆದುಕೊಳ್ಳುವಾಗ ದಳ ಕುದುರೆ ಲಾಳದ ಆಕಾರದಲ್ಲಿ ನಿಲ್ಲಬೇಕು ಅಂತ ಅವರೇ ಆ ಪುಸ್ತಕದಲ್ಲಿ ಬರೆದಿದ್ದಾರೆ. ಸ್ಕೌಟ್ ಮಾಸ್ಟರ್ ನಿಲ್ಲುವುದು ಲಾಳದ ಬಾಯಿಯಲ್ಲಿ. ನೀವೂ ನಿಂತು ನೋಡಿ. ಉದ್ದ ಸಾಲಿನಲ್ಲಿ ನಿಂತರೆ ನಮಗೆ ಕಾಣುವುದು ಮುಂದಿನವನ ಬೆನ್ನು. ಲಾಳದಲ್ಲಿ ನಿಂತರೆ ಎಲ್ಲರ ಮುಖ ಕಾಣುತ್ತೆ. ಯಾರು ಬಂದಿಲ್ಲ ಅನ್ನೋದೂ ಕಾಣುತ್ತೆ.

ಸ್ಕೌಟ್ ನಮಸ್ಕಾರದ ಮೂರು ಬೆರಳು ಪ್ರತಿಜ್ಞೆಯ ಮೂರು ಭಾಗಕ್ಕೆ. ಹೆಬ್ಬೆರಳು ಕಿರುಬೆರಳನ್ನು ಹಿಡಿದಿರುವುದು ದೊಡ್ಡವರು ಚಿಕ್ಕವರನ್ನು ಕಾಪಾಡಬೇಕು ಅನ್ನುವುದಕ್ಕೆ ಅಂತ ನಮ್ಮ ಮೇಷ್ಟ್ರು ಎಷ್ಟೋ ಸಲ ಹೇಳಿದ್ದರು. ನಾನು ಬೆರಳು ಸರಿಯಾಗಿ ಹಿಡಿಯುತ್ತಿದ್ದೆ, ಅರ್ಥ ಮಾತ್ರ ಮರೆತಿದ್ದೆ.

1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್ ಮೇಳ ನಡೆದಾಗ ಕರೆಯದಿದ್ದರೂ ಕೆಲವು ಹುಡುಗಿಯರು ಸ್ಕೌಟ್ ಉಡುಪಿನಲ್ಲೇ ಬಂದು ನಿಂತರು. ನಮ್ಮನ್ನೂ ಸೇರಿಸಿಕೊಳ್ಳಿ ಅಂತ ಹಟ ಹಿಡಿದರು. ಮರುವರ್ಷವೇ ಗೈಡ್ಸ್ ಶುರುವಾಯಿತು. ಬಿ.ಪಿ. ಅವರ ತಂಗಿ ಆಗ್ನೆಸ್ ಅದನ್ನು ನೋಡಿಕೊಂಡರು. ಮುಂದೆ ಅವರ ಪತ್ನಿ ಓಲೇವ್ ಗೈಡ್ಸ್‌ಗೆ ದೊಡ್ಡ ನಾಯಕಿಯಾದರು. ಇಬ್ಬರ ಹುಟ್ಟುಹಬ್ಬವೂ ಫೆಬ್ರವರಿ 22. ಅದಕ್ಕೇ ಅಂದು ನಾವು ಚಿಂತನಾ ದಿನ ಆಚರಿಸುವುದು.

1909ರಲ್ಲೇ ನಮ್ಮ ಬೆಂಗಳೂರಿನಲ್ಲಿ ಭಾರತದ ಮೊದಲ ಸ್ಕೌಟ್ ದಳ ಆರಂಭವಾಯಿತು. ಕ್ಯಾಪ್ಟನ್ ಬೇಕರ್ ಅನ್ನುವವರು ಶುರು ಮಾಡಿದ್ದು. ಹೆಮ್ಮೆ ಅನ್ನಿಸುತ್ತೆ ಅಲ್ವಾ? ಆದರೆ ತಡೆಯಿರಿ. ಅದು ಯುರೋಪಿಯನ್, ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ನಮ್ಮ ದೇಶದ ಮಕ್ಕಳು ನಮ್ಮ ಮಣ್ಣಿನಲ್ಲೇ ಸಾಲಿನ ಹೊರಗೆ! ಆಗ ಆನಿ ಬೆಸೆಂಟ್ ಅವರು ಮದ್ರಾಸಿನಲ್ಲಿ ಭಾರತೀಯ ಮಕ್ಕಳಿಗೇ ಸ್ಕೌಟ್ ಸಂಘ ಕಟ್ಟಿದರು. ಟೋಪಿಯ ಬದಲು ನಮ್ಮ ಪೇಟ ಕಟ್ಟಿಸಿದರು. 1918ರಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಇವರು ಸೇವಾ ಸಮಿತಿ ಸ್ಕೌಟ್ ಸಂಘ ಮಾಡಿದರು. 1921ರಲ್ಲಿ ಬಿ.ಪಿ. ಭಾರತಕ್ಕೆ ಬಂದರು. ಬೆಸೆಂಟ್ ಅವರ ಸಂಘವನ್ನು ತಮ್ಮ ಸಂಸ್ಥೆಯ ಜೊತೆ ಸೇರಿಸಿಕೊಂಡರು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು, ಬೇರೆ ಬೇರೆಯಾಗಿದ್ದ ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು.

ಅದನ್ನು ನೋಡಲು ಬಿ.ಪಿ. ಇರಲಿಲ್ಲ. 1920ರಲ್ಲಿ ಲಂಡನ್ನಿನಲ್ಲಿ ನಡೆದ ಮೊದಲ ವಿಶ್ವ ಜಾಂಬೂರಿಯಲ್ಲಿ ಹುಡುಗರೇ ಅವರನ್ನು ಲೋಕದ ಸ್ಕೌಟ್ ನಾಯಕ ಅಂತ ಕೂಗಿ ಆರಿಸಿದ್ದರು. ಮುಪ್ಪಿನಲ್ಲಿ ಕೀನ್ಯಾ ದೇಶದ ನ್ಯೇರಿ ಎಂಬ ಊರಲ್ಲಿ ಚಿಕ್ಕ ಮನೆ ಮಾಡಿಕೊಂಡು, 1941ರ ಜನವರಿ 8ರಂದು ಅಲ್ಲೇ ಕಣ್ಣು ಮುಚ್ಚಿದರು. ಅವರ ಸಮಾಧಿ ಕಲ್ಲಿನ ಮೇಲೆ ಒಂದು ವೃತ್ತ, ನಡುವೆ ಒಂದು ಚುಕ್ಕೆ ಇದೆ. ಸ್ಕೌಟ್ ಓದುವವರಿಗೆ ಗೊತ್ತು, ದಾರಿ ಗುರುತಿನಲ್ಲಿ ಅದರ ಅರ್ಥ ನಾನು ಮನೆಗೆ ಹೋದೆ ಅಂತ.

ಗೆಳೆಯರೇ, ಬಿ.ಪಿ. ಮನೆಗೆ ಹೋದರು. ಆದರೆ ನನ್ನ ತಂಡದ ಹುಡುಗನನ್ನು ಮನೆಗೆ ಕಳಿಸಿದವನು ನಾನು. ಅವನ ಹೆಸರು ಇಲ್ಲಿ ಬರೆಯುವುದಿಲ್ಲ, ಅವನಿಗೆ ಮತ್ತೆ ನಾಚಿಕೆಯಾಗಬಾರದು. ನಾಚಿಕೆಪಡಬೇಕಾದವನು ನಾನು. ತಪ್ಪಾಯಿತು ಕಣೋ. ನನ್ನ ಅಣ್ಣನ ಹಳೇ ಸ್ಕಾರ್ಫ್ ಒಗೆದು ಇಟ್ಟಿದ್ದೇನೆ. ಚಪ್ಪಲಿಯಲ್ಲೇ ಬಾ, ಬರಿಗಾಲಲ್ಲೇ ಬಾ. ಶನಿವಾರ ಲಾಳದಲ್ಲಿ ನನ್ನ ಬಲಗಡೆ ಜಾಗ ಬಿಟ್ಟಿರುತ್ತೇನೆ.

ಬರಹದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ಪ್ರಾರ್ಥನೆ.

ಇಂತಿ ನಿಮ್ಮ ಸಹಪಾಠಿ,
9ನೇ ತರಗತಿ