ಕೋಕೋ ಬೆಲೆಯೊಡನೆ ಕುಸಿದ ಎನ್‌ಕ್ರುಮಾ ಆಡಳಿತ

ಪಶ್ಚಿಮ ಆಫ್ರಿಕಾದ ಘಾನಾ 1957ರ ಮಾರ್ಚ್ 6ರಂದು ಬ್ರಿಟಿಷರಿಂದ ಸ್ವತಂತ್ರವಾದಾಗ ಪ್ರಧಾನಿಯಾಗಿದ್ದವರು ಕ್ವಾಮೆ ಎನ್‌ಕ್ರುಮಾ. 1909ರಲ್ಲಿ ಜನಿಸಿದ ಅವರು 1951ರ ಚುನಾವಣೆಯನ್ನು ಸೆರೆಮನೆಯಲ್ಲಿದ್ದೇ ಗೆದ್ದಿದ್ದರು.

ಹೊಸ ದೇಶದ ಆದಾಯ ಮುಖ್ಯವಾಗಿ ಕೋಕೋ ರಫ್ತನ್ನು ಅವಲಂಬಿಸಿತ್ತು. ಅದನ್ನೇ ನೆಚ್ಚಿ ಎನ್‌ಕ್ರುಮಾ ಶಾಲೆ, ಕಾರ್ಖಾನೆಗಳನ್ನು ತೆರೆದರು. ವೋಲ್ಟಾ ನದಿಗೆ ಅಕೊಸೊಂಬೊ ಅಣೆಕಟ್ಟು ಕಟ್ಟಿಸಿದರು. 1960ರ ದಶಕದ ಮಧ್ಯದಲ್ಲಿ ಕೋಕೋ ಬೆಲೆ ನೆಲಕಚ್ಚಿತು. ವಿದೇಶಿ ಸಾಲ ಬೆಳೆಯಿತು, ದಿನಬಳಕೆಯ ಸಾಮಗ್ರಿಗಳಿಗೂ ಅಭಾವ ತಲೆದೋರಿತು.

ಆ ವೇಳೆಗೆ ಸರಕಾರವನ್ನು ಪ್ರಶ್ನಿಸುವವರೇ ಉಳಿದಿರಲಿಲ್ಲ. ವಿಚಾರಣೆಯಿಲ್ಲದೆ ಬಂಧಿಸುವ ಕಾಯ್ದೆ 1958ರಲ್ಲೇ ಬಂದಿತ್ತು. 1964ರಲ್ಲಿ ಏಕಪಕ್ಷ ಆಡಳಿತ ಜಾರಿಯಾಯಿತು. 1948ರಲ್ಲಿ ಬ್ರಿಟಿಷರು ಎನ್‌ಕ್ರುಮಾ ಅವರೊಡನೆ ಬಂಧಿಸಿದ್ದ ಜೆ.ಬಿ. ಡಂಕ್ವಾ, 1965ರಲ್ಲಿ ಸ್ವತಂತ್ರ ಘಾನಾದ ಸೆರೆಮನೆಯಲ್ಲಿ ಅಸುನೀಗಿದರು.

ಮತದಾನದ ಮೂಲಕ ಆಡಳಿತ ಬದಲಿಸುವ ದಾರಿ ಮುಚ್ಚಿಹೋಗಿತ್ತು. 1966ರ ಫೆಬ್ರವರಿ 24ರಂದು ಎನ್‌ಕ್ರುಮಾ ವಿದೇಶ ಪ್ರವಾಸದಲ್ಲಿದ್ದಾಗ ಸೇನೆ ಅಧಿಕಾರ ವಶಪಡಿಸಿಕೊಂಡಿತು. ಅಕ್ರಾ ನಗರದ ಜನ ಬೀದಿಗಿಳಿದು ಸಂಭ್ರಮಿಸಿದರು. ತಾಯ್ನಾಡನ್ನು ಮತ್ತೆ ಕಾಣದೆ ಅವರು 1972ರಲ್ಲಿ ಬುಖಾರೆಸ್ಟ್‌ನಲ್ಲಿ ನಿಧನರಾದರು.